ಜೀಪಿನ ಹೊಟ್ಟೆಯ ಕೆಳಗೆ ಬಗ್ಗಿ ನೋಡೋಣ

ಮಕ್ಕಳೇ, ಒಂದು ಲೆಕ್ಕ ಕೊಡುತ್ತೇನೆ. ಪೆನ್ನು, ಹಾಳೆ ಬೇಡ. ತಲೆ ಓಡಿಸಿದರೆ ಸಾಕು.

ಎರಡು ಜೀಪುಗಳಿವೆ ಅಂದುಕೊಳ್ಳಿ. ಎರಡಕ್ಕೂ ಮೂವತ್ತು ವರ್ಷ ವಯಸ್ಸು. ಒಂದೇ ಕಾರ್ಖಾನೆಯಲ್ಲಿ, ಒಂದೇ ತಗಡಿನಿಂದ ತಯಾರಾದವು. ಒಂದು ಯಲಬುರ್ಗಾ, ಕುಷ್ಟಗಿ ಕಡೆಯ ಹೊಲದ ದಾರಿಗಳಲ್ಲಿ ಧೂಳೆಬ್ಬಿಸುತ್ತ ಓಡಾಡಿದೆ. ಇನ್ನೊಂದು ಗಂಗಾವತಿ ಕಡೆ ಭತ್ತದ ಗದ್ದೆಗಳ ನಡುವೆ, ಕಾಲುವೆಯ ಏರಿಯ ಮೇಲೆ ಓಡಾಡಿದೆ. ಯಾವ ಜೀಪಿಗೆ ತುಕ್ಕು ಹೆಚ್ಚು ಹಿಡಿದಿರುತ್ತದೆ?

ಗಂಗಾವತಿಯದಕ್ಕೆ ಎಂದಿರಾ? ಸರಿ. ಈಗ ಎರಡನೆಯ ಪ್ರಶ್ನೆ. ಆ ಜೀಪಿನ ಯಾವ ಭಾಗಕ್ಕೆ ಹೆಚ್ಚು ತುಕ್ಕು? ಮಳೆಯೆಲ್ಲ ನೇರವಾಗಿ ಬೀಳುವುದು ಬಾನೆಟ್ಟಿನ ಮೇಲೆ. ಹಾಗಾದರೆ ಬಾನೆಟ್ಟೇ ಮೊದಲು ತೂತು ಬೀಳಬೇಕಲ್ಲ? ಬೀಳುವುದಿಲ್ಲ. ಹನಿ ಮಳೆಯೂ ನೇರವಾಗಿ ತಾಗದ ಜಾಗಗಳೇ ಮೊದಲು ಕೊಳೆಯುತ್ತವೆ: ಕಾಲಡಿಯ ಮ್ಯಾಟಿನ ಕೆಳಗಿನ ತಗಡು, ಚಕ್ರದ ಮೇಲಿನ ಮಡಿಕೆ, ಜೀಪಿನ ಎಲುಬುಗೂಡಾದ ಚಾಸಿಯ ಒಳಮೈ.

ಏಕೆ ಹೀಗೆ? ಇದನ್ನು ತಿಳಿಯಲು ಮೊದಲು ಜೀಪಿನ ಕಬ್ಬಿಣ ಎಲ್ಲಿಂದ ಬಂತು ಎಂದು ನೋಡಬೇಕು.

ಕೆಂಪು ಕಲ್ಲಿನಿಂದ ಕಪ್ಪು ಲೋಹ

ಕೊಪ್ಪಳದಿಂದ ತುಂಗಭದ್ರಾ ಹೊಳೆ ದಾಟಿ ಹೋದರೆ ಸಂಡೂರಿನ ಬೆಟ್ಟಗಳು ಸಿಗುತ್ತವೆ. ಅಲ್ಲಿನ ಮಣ್ಣು, ಕಲ್ಲು, ರಸ್ತೆ, ಲಾರಿ, ಲಾರಿಯವರ ಅಂಗಿ ಎಲ್ಲ ಕೆಂಪು. ಅದು ಕಬ್ಬಿಣದ ಅದಿರು. ಆ ಅದಿರಿನಲ್ಲಿ ಮುಖ್ಯವಾಗಿ ಇರುವ ಖನಿಜದ ಹೆಸರು ಹೆಮಟೈಟ್. ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಮ್ಲಜನಕದ ಪರಮಾಣು ಜೊತೆಯಾದರೆ ಹೆಮಟೈಟ್. 100 ಕಿಲೋ ಶುದ್ಧ ಹೆಮಟೈಟ್ ತೂಗಿದರೆ ಅದರಲ್ಲಿ 70 ಕಿಲೋ ಕಬ್ಬಿಣ, ಉಳಿದ 30 ಕಿಲೋ ಆಮ್ಲಜನಕ. ನಾವು ಉಸಿರಾಡುವ ಅದೇ ಆಮ್ಲಜನಕ, ಕಲ್ಲಿನೊಳಗೆ ಸೇರಿಕೊಂಡು ಕೂತಿದೆ.

ಈ 30 ಕಿಲೋವನ್ನು ಹೊರಗೆ ಹಾಕುವುದೇ ಕಬ್ಬಿಣದ ಕಾರ್ಖಾನೆಯ ಕೆಲಸ. ನಮ್ಮ ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ, ಹೊಳೆಯಾಚೆ ತೋರಣಗಲ್ಲಿನಲ್ಲಿ ಊದುಕುಲುಮೆಗಳಿವೆ. ಅದಿರಿನ ಜೊತೆ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಹಾಕಿ, ಬಿಸಿಗಾಳಿ ಊದಿ, ಭಯಂಕರ ಶಾಖ ಎಬ್ಬಿಸುತ್ತಾರೆ. ಕೋಕಿನ ಇಂಗಾಲ ಆಮ್ಲಜನಕವನ್ನು ಎಳೆದುಕೊಂಡು ಹೋಗುತ್ತದೆ. ಕಬ್ಬಿಣ ಕರಗಿ ಕೆಳಗೆ ಇಳಿಯುತ್ತದೆ.

ಈ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಗೋರಿಮನೆಗಳಿವೆ. ಊರವರು ಅವನ್ನು ಮೋರ್ಯರ ಮನೆಗಳು ಎನ್ನುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನವು. 2021ರಲ್ಲಿ ಆ ಜಾಗ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಅವನ್ನು ಕಟ್ಟಿದ ಕಾಲಕ್ಕೆ ಇತಿಹಾಸಕಾರರು ಇಟ್ಟ ಹೆಸರೇ ಕಬ್ಬಿಣ ಯುಗ. ಆ ಜನರಿಗೆ ಅದಿರು ಕಾಸಿ ಕಬ್ಬಿಣ ತೆಗೆಯಲು ಗೊತ್ತಿತ್ತು.

ಆದರೆ ಒಂದು ಮಾತು ನೆನಪಿಡಿ. ಕಬ್ಬಿಣ ಮತ್ತು ಆಮ್ಲಜನಕವನ್ನು ಬಿಡಿಸಲು ನಾವು ಅಷ್ಟೊಂದು ಬೆಂಕಿ ಸುರಿಯಬೇಕಾಯಿತು. ಅವು ಮತ್ತೆ ಕೂಡಿಕೊಳ್ಳಲು ಯಾವ ಬೆಂಕಿಯೂ ಬೇಡ. ಸುತ್ತ ಗಾಳಿ ಇದೆ, ಒಂದಿಷ್ಟು ನೀರು ಸಿಕ್ಕರೆ ಆಯಿತು. ಹಾಗೆ ಕೂಡಿಕೊಂಡಾಗ ಹುಟ್ಟುವುದೇ ತುಕ್ಕು. ಅದರಲ್ಲಿ ಕಬ್ಬಿಣ, ಆಮ್ಲಜನಕದ ಜೊತೆ ನೀರೂ ಸೇರಿರುತ್ತದೆ. ಸಂಡೂರಿನ ಕೆಂಪು ಕಲ್ಲಿಗೂ ಜೀಪಿನ ಕೆಂಪು ತುಕ್ಕಿಗೂ ಹತ್ತಿರದ ನೆಂಟಸ್ತನ.

ಒಂದು ಹನಿಯೊಳಗೆ ನಡೆಯುವ ವ್ಯವಹಾರ

ನೀರು ಇಲ್ಲಿ ಏನು ಮಾಡುತ್ತದೆ? ಬರೀ ತೋಯಿಸುತ್ತದೆಯೇ? ಅಲ್ಲ. ಅದು ಒಂದು ಪುಟ್ಟ ಬ್ಯಾಟರಿಯನ್ನೇ ಕಟ್ಟುತ್ತದೆ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಯೂಲಿಕ್ ಎವಾನ್ಸ್ ಎಂಬ ವಿಜ್ಞಾನಿ ಇದ್ದರು. ಲೋಹಗಳ ಸವೆತದ ವಿಜ್ಞಾನಕ್ಕೆ ಬುನಾದಿ ಹಾಕಿದವರಲ್ಲಿ ಅವರೊಬ್ಬರು. ಅವರು ತಿಕ್ಕಿ ಹೊಳಪು ಬರಿಸಿದ ಉಕ್ಕಿನ ತಗಡಿನ ಮೇಲೆ ಉಪ್ಪುನೀರಿನ ಒಂದೇ ಒಂದು ಹನಿ ಇಟ್ಟು, ಅದನ್ನೇ ನೋಡುತ್ತ ಕೂತರು. ಕೆಲ ಹೊತ್ತಿಗೆ ಹನಿಯೊಳಗೆ ತುಕ್ಕು ಕಾಣಿಸಿತು. ಆದರೆ ಹನಿಯ ತುಂಬ ಅಲ್ಲ, ಒಂದು ಬಳೆಯ ಆಕಾರದಲ್ಲಿ!

ಕಾರಣ ಇದು. ಹನಿಯ ಅಂಚಿನಲ್ಲಿ ನೀರು ತೆಳ್ಳಗಿರುತ್ತದೆ. ಗಾಳಿಯ ಆಮ್ಲಜನಕ ಅಲ್ಲಿ ಸಲೀಸಾಗಿ ತಗಡನ್ನು ಮುಟ್ಟುತ್ತದೆ. ನಡುವೆ ನೀರು ದಪ್ಪ, ಅಲ್ಲಿಗೆ ಆಮ್ಲಜನಕ ಸಾಕಷ್ಟು ತಲುಪುವುದಿಲ್ಲ. ಆಗ ನಡುವಿನ ಕಬ್ಬಿಣ ತನ್ನ ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತದೆ. ಆ ಇಲೆಕ್ಟ್ರಾನುಗಳು ತಗಡಿನೊಳಗೇ ಹರಿದು ಅಂಚಿಗೆ ಬರುತ್ತವೆ. ಅಲ್ಲಿ ಕಾಯುತ್ತಿರುವ ಆಮ್ಲಜನಕ, ನೀರಿನ ಜೊತೆ ಸೇರಿ ಅವನ್ನು ತೆಗೆದುಕೊಳ್ಳುತ್ತದೆ. ಇಲೆಕ್ಟ್ರಾನು ಬಿಟ್ಟುಕೊಟ್ಟು ನಡುವಿನಿಂದ ಹೊರಟ ಕಬ್ಬಿಣದ ಅಯಾನುಗಳೂ, ಇಲೆಕ್ಟ್ರಾನು ಪಡೆದು ಅಂಚಿನಲ್ಲಿ ಹುಟ್ಟಿದ ಹೈಡ್ರಾಕ್ಸೈಡ್ ಅಯಾನುಗಳೂ ದಾರಿಯಲ್ಲಿ ಎದುರಾಗುವ ಕಡೆ ತುಕ್ಕು ಕೂಡುತ್ತದೆ. ಅದೇ ಆ ಬಳೆ.

ಇದರಿಂದ ಒಂದು ವಿಚಿತ್ರ ಸಂಗತಿ ತಿಳಿಯಿತು. ಕೆಂಪಗೆ ಕಾಣುವ ಜಾಗ ಒಂದು, ಕಬ್ಬಿಣ ಕರಗಿ ಗುಳಿ ಬೀಳುವ ಜಾಗ ಇನ್ನೊಂದು. ಗಾಳಿ ಕಡಿಮೆ ತಲುಪುವ, ಮುಚ್ಚಿದ, ಒದ್ದೆ ಜಾಗದಲ್ಲೇ ಗುಳಿ ಆಳ.

ಈಗ ಹನಿಯ ಬದಲು ಜೀಪಿನ ಮಡಿಕೆಯಲ್ಲಿ ಮೆತ್ತಿಕೊಂಡ ಒಂದು ಹಿಡಿ ಕೆಸರನ್ನು ಇಟ್ಟು ಯೋಚಿಸಿ. ಕೆಸರಿನ ಹೊರ ಅಂಚಿಗೆ ಗಾಳಿ ಸಿಗುತ್ತದೆ. ಕೆಸರಿನಡಿಯ ತಗಡಿಗೆ ಸಿಗುವುದಿಲ್ಲ. ಆ ಕೆಸರಿನಡಿಯಲ್ಲೇ ಕಬ್ಬಿಣ ಕರಗತೊಡಗುತ್ತದೆ. ಬಾನೆಟ್ಟಿನ ಮೇಲೆ ಬಿದ್ದ ಮಳೆ ಜಾರಿ ಹೋಯಿತು, ಬಿಸಿಲಿಗೆ ಅರ್ಧ ಗಂಟೆಯಲ್ಲಿ ಒಣಗಿತು, ಬ್ಯಾಟರಿ ಬಂದ್ ಆಯಿತು. ಮಡಿಕೆಯ ಕೆಸರು ವಾರಗಟ್ಟಲೆ ಹಸಿಯಾಗಿರುತ್ತದೆ. ಬ್ಯಾಟರಿ ಹಗಲೂ ರಾತ್ರಿ ನಡೆಯುತ್ತಲೇ ಇರುತ್ತದೆ. ಜೀಪಿಗೆ ಎಷ್ಟು ನೀರು ಬಿತ್ತು ಎನ್ನುವುದಕ್ಕಿಂತ, ಬಿದ್ದ ನೀರು ಎಷ್ಟು ಹೊತ್ತು ನಿಂತಿತು ಎನ್ನುವುದೇ ಇಲ್ಲಿ ಮುಖ್ಯ.

ಒಂದು ಜಿಲ್ಲೆ, ಎರಡು ಹವೆ

ಮೊದಲ ಪ್ರಶ್ನೆಗೆ ಮರಳೋಣ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಮಂಗಳೂರು, ಉಡುಪಿ ಕಡೆ ಅದು 3000 ದಾಟುತ್ತದೆ. ಮಳೆಯಷ್ಟೇ ಅಲ್ಲ, ಗಾಳಿಯ ಪಸೆಯೂ ಲೆಕ್ಕಕ್ಕೆ ಬರುತ್ತದೆ. ಗಾಳಿಯ ತೇವಾಂಶ ಶೇಕಡಾ 60ಕ್ಕಿಂತ ಕಡಿಮೆ ಇದ್ದರೆ, ಸ್ವಚ್ಛವಾದ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಬಹಳ ನಿಧಾನ. ಯಲಬುರ್ಗಾ, ಕುಷ್ಟಗಿಯ ಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದವು. ಸಜ್ಜೆ, ಜೋಳ, ಕಡಲೆ, ಶೇಂಗಾ ಬೆಳೆಯುವ ನೆಲ. ಬೇಸಿಗೆಯಲ್ಲಿ ಅಲ್ಲಿನ ಗಾಳಿ ತುಟಿ ಒಡೆಯುವಷ್ಟು ಒಣಗಿರುತ್ತದೆ. ಜೀಪಿನ ಕಬ್ಬಿಣಕ್ಕೆ ಅದು ಒಳ್ಳೆಯದೇ.

ಹಾಗೆಂದು ಅಲ್ಲಿಯ ಜೀಪಿಗೆ ಚಿಂತೆಯೇ ಇಲ್ಲ ಎನ್ನಬೇಡಿ. ಎರೆಮಣ್ಣನ್ನು ಮಳೆಗಾಲದಲ್ಲಿ ತುಳಿದು ನೋಡಿದ್ದೀರಿ ತಾನೇ? ಚಪ್ಪಲಿಯೇ ಕಿತ್ತು ಹೋಗುತ್ತದೆ! ಆ ಜಿಗುಟು ಮಣ್ಣು ಜೀಪಿನ ಅಡಿಗೂ ಹಾಗೇ ಮೆತ್ತುತ್ತದೆ. ಮೇಲೆ ಒಣಗಿ ಗಟ್ಟಿಯಾದರೂ ಒಳಗೆ ಬಹಳ ದಿನ ಹಸಿ ಇಟ್ಟುಕೊಳ್ಳುತ್ತದೆ.

ಗಂಗಾವತಿಯ ಕತೆ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ ಹಾದು ರಾಯಚೂರು ಕಡೆಗೆ ಹೋಯಿತು. ಒಣನೆಲ ಭತ್ತದ ಗದ್ದೆಯಾಯಿತು, ಊರು ಭತ್ತದ ಕಣಜವಾಯಿತು. ಜೊತೆಗೆ ಒಂದು ತೊಂದರೆಯೂ ಬಂತು. ಬಸಿದು ಹೋಗದ ನೀರು ನೆಲದಡಿ ಏರುತ್ತ ಬಂದು, ಮೇಲೆ ಬಂದಾಗ ಬಿಸಿಲಿಗೆ ಆವಿಯಾಯಿತು. ನೀರು ಹೋಯಿತು, ಅದರಲ್ಲಿ ಕರಗಿದ್ದ ಉಪ್ಪು ನೆಲದ ಮೇಲೇ ಉಳಿಯಿತು. ಇದನ್ನೇ ನಮ್ಮ ರೈತರು ಸವಳು ಭೂಮಿ ಎನ್ನುತ್ತಾರೆ. ಬೇಸಿಗೆಯಲ್ಲಿ ನೋಡಿದರೆ ಬದುವಿನ ಮೇಲೆ ಬಿಳಿ ಪುಡಿ ಕಾಣುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸವಳು ನೆಲವನ್ನು ಸರಿಪಡಿಸುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದಾರೆ.

ಸವಳು ನೆಲದ ಕೆಸರು ಜೀಪಿಗೆ ಮೆತ್ತಿತು ಎಂದರೆ ಉಪ್ಪೂ ಮೆತ್ತಿತು ಎಂದೇ ಅರ್ಥ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ಹನಿಯೊಳಗಿನ ಬ್ಯಾಟರಿ ಚುರುಕಾಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಎಂಬ ಅಂಶ, ಕಬ್ಬಿಣದ ಮೈಮೇಲಿರುವ ತೆಳು ರಕ್ಷಣೆಯ ಪೊರೆಯನ್ನೂ ಹರಿದುಹಾಕುತ್ತದೆ. ಹಿಮ ಬೀಳುವ ದೇಶಗಳಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಎರಚುತ್ತಾರೆ. ಅಲ್ಲಿನ ಹಳೆಯ ಗಾಡಿಗಳು ಅದರಿಂದಲೇ ಕೊಳೆಯುತ್ತವೆ. ನಮ್ಮಲ್ಲಿ ಹಿಮವೂ ಇಲ್ಲ, ಕಡಲೂ ಇಲ್ಲ. ಉಪ್ಪು ಗದ್ದೆಯಿಂದಲೇ ಜೀಪು ಹತ್ತುತ್ತದೆ.

ಇನ್ನೊಂದು ದಾರಿಯೂ ಇದೆ. ಜೀಪಿನಲ್ಲಿ ಗೊಬ್ಬರದ ಚೀಲ ಸಾಗಿಸುವುದನ್ನು ನೀವು ಕಂಡಿದ್ದೀರಿ. ಮಾಮೂಲಿ ಪೊಟ್ಯಾಷ್ ಗೊಬ್ಬರ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ತಮ್ಮ. ಚೀಲ ಹರಿದು ಉದುರಿದ ಹರಳುಗಳು ತಗಡಿನ ಸಂದಿಯಲ್ಲಿ ಕೂತು, ಗಾಳಿಯ ಪಸೆ ಎಳೆದುಕೊಂಡು ಒದ್ದೆಯಾಗುತ್ತವೆ. ಯೂರಿಯಾ ಹರಳೂ ಹಾಗೇ ನೀರು ಹಿಡಿಯುತ್ತದೆ. ಗೊಬ್ಬರ ಇಳಿಸಿದ ದಿನವೇ ಹಿಂಬದಿಯ ತಗಡನ್ನು ಗುಡಿಸಿ ತೊಳೆಯಬೇಕು ಎನ್ನುವುದು ಇದಕ್ಕೇ.

ಮಿಸ್ತ್ರಿ ಕಾಕಾ ಎಲ್ಲಿ ಬಡಿದು ನೋಡುತ್ತಾರೆ?

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಸೈನ್ಯಕ್ಕಾಗಿ. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮಹೀಂದ್ರ ಕಂಪನಿ ಅದನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು, ಆಮೇಲೆ ಇಲ್ಲೇ ತಯಾರಿಸಿತು. ಡಾಂಬರು ಕಾಣದ ಊರುಗಳಿಗೆ ಜನರನ್ನೂ ಚೀಲಗಳನ್ನೂ ಸಾಗಿಸಿದ್ದು ಆ ಜೀಪುಗಳೇ. ಅವುಗಳಲ್ಲಿ ಕೆಲವಕ್ಕೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಅದೇ ಫೋರ್ ವೀಲ್ ಡ್ರೈವ್. ಕೆಸರಿನಲ್ಲಿ ಸಿಕ್ಕರೆ ಮುಂದಿನ ಚಕ್ರಗಳೂ ಎಳೆಯುತ್ತವೆ.

ಹಳೆಯ ಜೀಪು ಕೊಳ್ಳುವವರು ಬಣ್ಣ ನೋಡಿ ಮರುಳಾಗುತ್ತಾರೆ. ಅನುಭವಿ ಮಿಸ್ತ್ರಿ ಬಣ್ಣದ ಕಡೆ ತಿರುಗಿಯೂ ನೋಡುವುದಿಲ್ಲ. "ಮ್ಯಾಲಿನ ಬಣ್ಣ ಏನ್ ನೋಡ್ತಿ ತಮ್ಮಾ, ಕೆಳಗ ಬಗ್ಗಿ ನೋಡು" ಎನ್ನುತ್ತ, ಕೈಯಲ್ಲಿ ಸಣ್ಣ ಸುತ್ತಿಗೆ ಹಿಡಿದು ಚಾಸಿಯನ್ನು ಟಣ್ ಟಣ್ ಎಂದು ಬಡಿಯುತ್ತಾರೆ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ತುಕ್ಕು ತಿಂದ ಕಡೆ ಸದ್ದು ಮಂಕಾಗಿ ದಬ್ ಎನ್ನುತ್ತದೆ. ಪದರ ಪದರವಾದ ತುಕ್ಕು ಕಂಪನವನ್ನು ನುಂಗಿಬಿಡುತ್ತದೆ. ನೋಡಿ, ಕಿವಿಯೂ ಒಂದು ಉಪಕರಣ!

ಅವರು ನೋಡುವ ಜಾಗಗಳು ಇವು. ಮೊದಲು ಕಾಲಡಿಯ ಮ್ಯಾಟು. ಒದ್ದೆ ಕಾಲಿನ ನೀರು ಅದರಡಿ ಸೇರಿದರೆ ಒಣಗುವ ದಾರಿಯೇ ಇಲ್ಲ. ಆಮೇಲೆ ಚಾಸಿ. ಅದರಲ್ಲಿ ಕೆಲವೆಡೆ ತಗಡು ನಾಲ್ಕೂ ಕಡೆಯಿಂದ ಮುಚ್ಚಿ ಪೆಟ್ಟಿಗೆ ಆಕಾರ ಪಡೆದಿರುತ್ತದೆ. ಚಳಿಗಾಲದ ರಾತ್ರಿ ತಣ್ಣಗಾದ ಕಬ್ಬಿಣದ ಒಳಮೈ ಮೇಲೆ ಗಾಳಿಯ ಪಸೆ ಹನಿಗಟ್ಟುತ್ತದೆ. ಮಳೆಯಿಲ್ಲದ ತಿಂಗಳಲ್ಲೂ ಅಲ್ಲಿ ನೀರು! ಅದು ಹೊರಗೆ ಹೋಗಲೆಂದೇ ಕೆಳಗೆ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಕೆಸರು ಆ ತೂತು ಮುಚ್ಚಿದರೆ ನೀರು ಒಳಗೇ ಉಳಿಯುತ್ತದೆ.

ಮೂರನೆಯದು ಪಾಟಾ. ಒಂದರ ಮೇಲೊಂದು ಕೂರಿಸಿದ ಉಕ್ಕಿನ ಪಟ್ಟಿಗಳು ಜೀಪಿನ ಭಾರ ಹೊರುತ್ತವೆ. ಪಟ್ಟಿಗಳ ನಡುವಿನ ಕೂದಲೆಳೆಯಷ್ಟು ಸಂದಿಗೆ ನೀರು ನುಗ್ಗಿದರೆ ತುಕ್ಕು ಹುಟ್ಟುತ್ತದೆ. ಕಬ್ಬಿಣ ತುಕ್ಕಾದಾಗ ಅದು ತುಂಬುವ ಜಾಗ ಎರಡರಷ್ಟಕ್ಕೂ ಹೆಚ್ಚಾಗುತ್ತದೆ. ಆ ಉಬ್ಬು ಪಟ್ಟಿಗಳನ್ನೇ ಮೇಲೆತ್ತುತ್ತದೆ. ಬಣ್ಣದ ಮೇಲೆ ಬೊಕ್ಕೆ ಏಳುವುದೂ ಇದೇ ಕಾರಣಕ್ಕೆ. ಬೊಕ್ಕೆ ಕಾಣುವ ಹೊತ್ತಿಗೆ ಒಳಗೆ ಕೆಲಸ ಬಹಳ ಮುಂದೆ ಹೋಗಿರುತ್ತದೆ.

ನಾಲ್ಕನೆಯದು ಸೈಲೆನ್ಸರ್. ಇದು ಒಳಗಿನಿಂದಲೇ ಕೊಳೆಯುತ್ತದೆ. ಡೀಸೆಲ್ಲಿನಲ್ಲಿರುವ ಹೈಡ್ರೋಜನ್ ಉರಿದಾಗ ನೀರಾಗುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟಿ ಆವಿಯಾಗಿ ಹೊರಗೆ ಹೋಗುತ್ತದೆ. ಗಾಡಿ ದೂರ ಓಡಿದರೆ ಸೈಲೆನ್ಸರ್ ಕಾದು ಒಣಗುತ್ತದೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಬರೀ ಗಿಡ್ಡ ದಾರಿ ಓಡಿದರೆ ಆವಿ ಅದರೊಳಗೇ ನೀರಾಗಿ ಉಳಿಯುತ್ತದೆ.

ಇನ್ನು ಫೋರ್ ವೀಲ್ ಡ್ರೈವ್ ಜೀಪಿಗೆ ಮಾತ್ರ ಇರುವ ತೊಂದರೆ ಒಂದಿದೆ. ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಜಾಯಿಂಟ್ ಶಾಫ್ಟ್, ಅದರ ಕೀಲುಗಳಾದ ಕ್ರಾಸುಗಳು, ಮುಂದಿನ ಹಲ್ಲುಚಕ್ರಗಳ ಗೂಡಾದ ಕ್ರೌನ್, ಗೇರ್ ಪೆಟ್ಟಿಗೆಯ ಪಕ್ಕದ ಸಣ್ಣ ಪೆಟ್ಟಿಗೆ, ಇವೆಲ್ಲ ಹೆಚ್ಚಿನ ಕಬ್ಬಿಣ. ಇವುಗಳಿಗೆ ಕೆಲಸ ಬೀಳುವುದು ಯಾವಾಗಲೋ ಒಮ್ಮೆ. ಹಲ್ಲುಚಕ್ರಗಳು ತಿರುಗಿದರೆ ಎಣ್ಣೆ ಎಲ್ಲ ಕಡೆ ಸವರಿಕೊಳ್ಳುತ್ತದೆ. ಮುಂದಿನ ಚಕ್ರದ ಲಾಕ್ ಬಿಟ್ಟು ತಿಂಗಳುಗಟ್ಟಲೆ ತಿರುಗಿಸದೆ ಇಟ್ಟರೆ ಎಣ್ಣೆಯೆಲ್ಲ ಕೆಳಗೆ ಇಳಿದು, ಮೇಲಿನ ಹಲ್ಲುಗಳು ಬರಿದಾಗಿ ತುಕ್ಕು ಹಿಡಿಯುತ್ತವೆ. ಅದಕ್ಕೇ ಆಗಾಗ ಮಣ್ಣಿನ ದಾರಿಯಲ್ಲಿ ಫೋರ್ ವೀಲ್ ಗೇರ್ ಹಾಕಿ ಒಂದಿಷ್ಟು ದೂರ ಓಡಿಸಬೇಕು. ಒಣ ಡಾಂಬರು ರಸ್ತೆಯಲ್ಲಿ ಮಾತ್ರ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರವೂ ಹಿಂದಿನದೂ ಬೇರೆ ಬೇರೆ ದೂರ ಸಾಗಬೇಕಾಗುತ್ತದೆ, ಅಲ್ಲಿ ಜಾರಲು ಆಗದೆ ಹಲ್ಲುಗಳ ಮೇಲೆ ಒತ್ತಡ ಬೀಳುತ್ತದೆ.

ಹಳ್ಳ ದಾಟಿದ ಮೇಲೆ ಮಿಸ್ತ್ರಿ ಕ್ರೌನಿನ ಎಣ್ಣೆ ಬಿಚ್ಚಿ ನೋಡುತ್ತಾರೆ. ಬಿಸಿಯಾದ ಕ್ರೌನ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಹಳೆಯ ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳಬಹುದು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಆಗ ಎಣ್ಣೆ ಬದಲಿಸಲೇಬೇಕು.

ಕೆಲವು ಲೋಹ ಬದುಕಿಕೊಂಡಿದ್ದು ಹೇಗೆ?

ಅಲ್ಯುಮಿನಿಯಂ ಪಾತ್ರೆಯೂ ಆಮ್ಲಜನಕದ ಜೊತೆ ಕೂಡುತ್ತದೆ, ಅದೂ ಕಬ್ಬಿಣಕ್ಕಿಂತ ಬೇಗ! ಆದರೆ ಅದರ ಆಕ್ಸೈಡು ತೆಳ್ಳಗೆ, ಒತ್ತಾಗಿ, ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಉಬ್ಬಿ, ಬಿರಿದು, ಉದುರುತ್ತದೆ. ಒಳಗಿನ ಕಬ್ಬಿಣ ಮತ್ತೆ ಬರಿದಾಗುತ್ತದೆ. ತುಕ್ಕು ನಡುವೆ ನಿಲ್ಲದಿರಲು ಇದೇ ಕಾರಣ.

ದೆಹಲಿಯ ಕಬ್ಬಿಣದ ಕಂಬದ ಚಿತ್ರ ನಿಮ್ಮ ಪುಸ್ತಕದಲ್ಲಿರಬಹುದು. ಏಳು ಮೀಟರು ಎತ್ತರ, ಆರು ಟನ್ನಿಗೂ ಹೆಚ್ಚು ತೂಕ, ಸುಮಾರು 1600 ವರ್ಷ ವಯಸ್ಸು. ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣಿಯಂ ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಹಳೆಯ ಕಾಲದ ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದು ಕಂಬದ ಮೇಲೆ ಬಿಗಿಯಾದ ಪೊರೆ ಕಟ್ಟಲು ನೆರವಾಗಿದೆ. ದೆಹಲಿಯ ಹವೆ ವರ್ಷದ ಬಹುಪಾಲು ಒಣಗಿರುವುದೂ ಕಂಬಕ್ಕೆ ಒದಗಿಬಂತು. ನಮ್ಮ ಕರ್ನಾಟಕದಲ್ಲೂ ಕೊಡಚಾದ್ರಿ ಬೆಟ್ಟದ ಮೇಲೆ, ಜಡಿಮಳೆಯ ನಡುವೆ, ಒಂದು ಹಳೆಯ ಕಬ್ಬಿಣದ ಕಂಬ ನಿಂತಿದೆ.

ಜೀಪಿನ ತಗಡಿನಲ್ಲಿ ಅಷ್ಟು ರಂಜಕ ಸೇರಿಸಲು ಆಗದು. ರಂಜಕ ಹೆಚ್ಚಾದ ಉಕ್ಕು ಪೆಡಸಾಗಿ, ಬಗ್ಗಿಸುವಾಗ ಬಿರಿಯುತ್ತದೆ. ಹಾಗಾಗಿ ಪೊರೆಯನ್ನು ನಾವೇ ಹೊರಗಿನಿಂದ ಹಾಕಬೇಕು.

ಪೊರೆ ಹಾಕುವ ಕಸುಬು

ಟಿಂಕರಿಂಗ್ ಅಂಗಡಿಯಲ್ಲಿ ನಿಂತು ನೋಡಿ. ತುಕ್ಕಿನ ಮೇಲೇ ಬಣ್ಣ ಬಳಿದರೆ ಅದು ಮೋಸ. ತುಕ್ಕಿನೊಳಗಿನ ಪಸೆ, ಉಪ್ಪು ಬಣ್ಣದಡಿ ಸಿಕ್ಕಿಕೊಂಡು ಕೆಲಸ ಮುಂದುವರಿಸುತ್ತವೆ. ಆದ್ದರಿಂದ ಮೊದಲು ತಂತಿ ಬ್ರಷ್ಷಿನಿಂದ, ಪಾಲಿಶ್ ಕಾಗದದಿಂದ ತಿಕ್ಕಿ ಹೊಳೆಯುವ ಲೋಹ ಕಾಣುವಂತೆ ಮಾಡುತ್ತಾರೆ. ತೂತು ಬಿದ್ದಿದ್ದರೆ ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸೆಯುತ್ತಾರೆ. ಆಮೇಲೆ ರೆಡ್ ಆಕ್ಸೈಡ್ ಬಳಿಯುತ್ತಾರೆ. ಅದು ಒಣಗಿದ ಮೇಲೆಯೇ ಮೇಲಿನ ಬಣ್ಣ. ನಮ್ಮ ಕಿನ್ನಾಳದ ಚಿತ್ರಗಾರರೂ ಹೀಗೇ ತಾನೇ? ಮರದ ಗೊಂಬೆಗೆ ಹುಣಸೆಬೀಜದ ಅಂಟಿನ ಲೇಪ ಕೊಟ್ಟು ಮೈ ಹದಮಾಡಿಕೊಂಡ ಮೇಲೆಯೇ ಬಣ್ಣದ ಕುಂಚ ಮುಟ್ಟುವುದು.

ಈ ರೆಡ್ ಆಕ್ಸೈಡಿನ ಕೆಂಪು ಯಾವುದು ಗೊತ್ತೇ? ಕಬ್ಬಿಣದ ಆಕ್ಸೈಡು! ತುಕ್ಕು ತಡೆಯಲು ಬಳಿಯುವ ಬಣ್ಣದಲ್ಲಿ ತುಕ್ಕಿನ ಬಂಧುವೇ ಇದೆ. ಅದು ಆಗಲೇ ಆಮ್ಲಜನಕದೊಂದಿಗೆ ಪೂರ್ತಿ ಕೂಡಿಕೊಂಡಿದೆ, ಇನ್ನು ಬದಲಾಗುವುದಿಲ್ಲ. ಬಣ್ಣದ ಎಣ್ಣೆಯಲ್ಲಿ ಒತ್ತಾಗಿ ಕೂತು ನೀರಿಗೆ ಅಡ್ಡ ನಿಲ್ಲುತ್ತದೆ. ಹಿರೇಬೆಣಕಲ್ ಸುತ್ತಿನ ಬಂಡೆಗಳ ಮೇಲೆ ಪ್ರಾಚೀನರು ಕೆಮ್ಮಣ್ಣಿನಿಂದ ಬರೆದ ಚಿತ್ರಗಳಿವೆ. ಅವು ಇಂದಿಗೂ ಕೆಂಪಗೆ ಉಳಿದಿರುವುದರ ಗುಟ್ಟೂ ಇದೇ.

ಇನ್ನೊಂದು ಉಪಾಯ ಸತುವಿನ ಲೇಪ. ಸತು ಹಾಕಿದ ಬಕೆಟ್ಟು ಗೀಚಿ ಹೋದರೂ ಬೇಗ ತುಕ್ಕು ಹಿಡಿಯದು. ಕಬ್ಬಿಣಕ್ಕಿಂತ ಸತು ಬೇಗ ಇಲೆಕ್ಟ್ರಾನು ಬಿಟ್ಟುಕೊಡುತ್ತದೆ. ಹಾಗಾಗಿ ಸವೆಯುವ ಸರದಿ ಮೊದಲು ಸತುವಿಗೆ, ಕಬ್ಬಿಣ ಉಳಿಯುತ್ತದೆ. ತಾಮ್ರ ಇದಕ್ಕೆ ತದ್ವಿರುದ್ಧ. ಒದ್ದೆಯಲ್ಲಿ ತಾಮ್ರ ತಾಗಿದ ಕಬ್ಬಿಣ ಇನ್ನೂ ಬೇಗ ಸವೆಯುತ್ತದೆ.

ಕೆಲವರು ಹಳೆಯ ಎಂಜಿನ್ ಆಯಿಲನ್ನು ಜೀಪಿನಡಿ ಸಿಂಪಡಿಸುತ್ತಾರೆ. ಎಣ್ಣೆ ನೀರನ್ನು ದೂರವಿಡುತ್ತದೆ, ನಿಜ. ಆದರೆ ಸುಟ್ಟ ಆಯಿಲ್ ರಬ್ಬರ್ ಬುಷ್ಷುಗಳನ್ನು ಹಾಳುಮಾಡುತ್ತದೆ, ತೊಟ್ಟಿಕ್ಕಿ ಹೊಲಕ್ಕೂ ಕಾಲುವೆಗೂ ಸೇರುತ್ತದೆ. ಅದಕ್ಕೆಂದೇ ಸಿಗುವ ಮೇಣದಂಥ ಲೇಪ ಹಾಕಿಸುವುದು ಮೇಲು. ಅದನ್ನೂ ಒದ್ದೆ ಕೆಸರಿನ ಮೇಲೆ ಹಾಕಬಾರದು, ತೊಳೆದು ಒಣಗಿಸಿದ ಮೇಲೆಯೇ ಹಾಕಬೇಕು.

ಎಲ್ಲಕ್ಕಿಂತ ಅಗ್ಗದ ಉಪಾಯವನ್ನು ಮಿಸ್ತ್ರಿ ಕಾಕಾ ಬಿಟ್ಟಿಯಾಗಿ ಹೇಳುತ್ತಾರೆ: "ಗದ್ದ್ಯಾಗಿಂದ ಬಂದ ಕೂಡ್ಲೆ ಕೆಳಗ ನೀರು ಹೊಡೀರಿ, ಮ್ಯಾಟ್ ತಗದು ಬಿಸಲಾಗ ನಿಲ್ಲಸ್ರಿ." ಒಂದೇ ಮಾತಿನಲ್ಲಿ ಎಷ್ಟು ರಸಾಯನಶಾಸ್ತ್ರ ನೋಡಿ! ನೀರು ಹೊಡೆದರೆ ಉಪ್ಪು ಹೋಗುತ್ತದೆ, ಕೆಸರು ಹೋಗುತ್ತದೆ. ಬಿಸಿಲಿಗೆ ನಿಲ್ಲಿಸಿದರೆ ಉಳಿದ ನೀರೂ ಹೋಗುತ್ತದೆ. ಬಿಸಿಲು ನಮ್ಮ ಜಿಲ್ಲೆಯಲ್ಲಿ ಧಾರಾಳವಾಗಿದೆ, ಅದಕ್ಕೆ ಬಿಲ್ಲೂ ಇಲ್ಲ.

ನೀವೇ ಮಾಡಿ ನೋಡಿ

ಹೊಳೆಯುವ ಲೇಪವಿಲ್ಲದ ಆರು ಕಬ್ಬಿಣದ ಮೊಳೆ ತನ್ನಿ. ಪಾಲಿಶ್ ಕಾಗದದಿಂದ ತಿಕ್ಕಿ, ಒರೆಸಿ.

ಮೊದಲನೆಯದನ್ನು ಬಿಸಿಲಿಗೆ ಒಣಗಿಸಿದ ಬಾಟಲಿಯಲ್ಲಿ, ಹುರಿದು ಆರಿಸಿದ ಅಕ್ಕಿಯ ಜೊತೆ ಹಾಕಿ ಮುಚ್ಚಳ ಬಿಗಿಯಿರಿ. ಎರಡನೆಯದನ್ನು ಅರ್ಧ ಮುಳುಗುವಷ್ಟು ನೀರಿನಲ್ಲಿಡಿ. ಮೂರನೆಯದಕ್ಕೆ ದೊಡ್ಡವರಿಂದ ನೀರು ಕುದಿಸಿಕೊಳ್ಳಿ. ಕುದಿದಾಗ ನೀರಿನಲ್ಲಿ ಕರಗಿದ ಗಾಳಿ ಹೊರಟುಹೋಗುತ್ತದೆ. ಅದು ಉಗುರು ಬೆಚ್ಚಗಿರುವಾಗ ಮೊಳೆ ಮುಳುಗಿಸಿ, ಗಾಳಿ ಮತ್ತೆ ಸೇರದಂತೆ ಮೇಲೆ ಶೇಂಗಾ ಎಣ್ಣೆಯ ಪದರ ಸುರಿಯಿರಿ. ನಾಲ್ಕನೆಯದನ್ನು ಉಪ್ಪುನೀರಿನಲ್ಲಿಡಿ. ಐದನೆಯದಕ್ಕೆ ತಾಮ್ರದ ತಂತಿ ಸುತ್ತಿ ಅಷ್ಟೇ ಉಪ್ಪುನೀರಿನಲ್ಲಿಡಿ. ಆರನೆಯದರ ನಡುವಿಗೆ ನಿಮ್ಮ ಹೊಲದ ಅಥವಾ ಗದ್ದೆಯ ಹಸಿ ಮಣ್ಣು ಮೆತ್ತಿ ತಟ್ಟೆಯಲ್ಲಿಟ್ಟು, ಮಣ್ಣು ಒಣಗದಂತೆ ದಿನಾ ಹನಿ ನೀರು ಹಾಕಿ.

ಒಂದು ವಾರ ದಿನವೂ ಒಂದೇ ಹೊತ್ತಿಗೆ ನೋಡಿ ಬರೆದಿಡಿ. ಮೊದಲನೆಯದಕ್ಕೆ ಗಾಳಿ ಇದೆ, ನೀರಿಲ್ಲ. ಮೂರನೆಯದಕ್ಕೆ ನೀರಿದೆ, ಗಾಳಿಯಿಲ್ಲ. ಇವೆರಡನ್ನೂ ಎರಡನೆಯದರ ಪಕ್ಕ ಇಟ್ಟು ನೋಡಿದರೆ ತುಕ್ಕಿಗೆ ಎರಡೂ ಬೇಕು ಎನ್ನುವುದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ಆರನೆಯದನ್ನು ಕೊನೆಯ ದಿನ ತೊಳೆದು, ಭೂತಗನ್ನಡಿ ಹಿಡಿದು ನೋಡಿ. ಕೆಂಪು ಎಲ್ಲಿದೆ, ಮೈ ಒರಟಾಗಿರುವುದು ಎಲ್ಲಿ? ಗಂಗಾವತಿಯ ಶಾಲೆಯವರು ಸವಳು ಗದ್ದೆಯ ಮಣ್ಣಿನಿಂದಲೂ ಕುಷ್ಟಗಿ, ಯಲಬುರ್ಗಾದವರು ಎರೆಮಣ್ಣಿನಿಂದಲೂ ಮಾಡಿ, ಮೊಳೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಇನ್ನೂ ಚೆಂದ.

ಮನೆಯಲ್ಲೋ ನೆರೆಯಲ್ಲೋ ಹಳೆಯ ಜೀಪಿದ್ದರೆ, ನಿಂತ ಗಾಡಿಯ ಪಕ್ಕ ದೊಡ್ಡವರ ಜೊತೆ ಕೂತು, ಟಾರ್ಚು ಮತ್ತು ಸಣ್ಣ ಕನ್ನಡಿ ಹಿಡಿದು ಅದರ ಅಡಿ ನೋಡಿ. ಜಾಕ್ ಕೊಟ್ಟು ಎತ್ತಿದ ಗಾಡಿಯ ಕೆಳಗೆ ಮಾತ್ರ ಎಂದಿಗೂ ನುಸುಳಬಾರದು. ತುಕ್ಕಿನ ಅಂಚು ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು ದೊಡ್ಡವರಿಗೆ ಹೇಳಿ. ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದಿಂದ. ಆದರೆ ಆಳವಾದ ಚುಚ್ಚುಗಾಯ ಅದಕ್ಕೆ ಒಳ್ಳೆಯ ಜಾಗ. ಆದ್ದರಿಂದ ಇಂಜೆಕ್ಷನ್ ಬೇಕೇ ಎಂದು ಡಾಕ್ಟರನ್ನು ಕೇಳಲೇಬೇಕು.

ಕೊನೆಗೆ ನಿಮಗೊಂದು ಕೆಲಸ. ಜೀಪಿನ ಚಾಸಿಯ ಅಡಿಯಲ್ಲಿ ನೀರು ಹೊರಹೋಗುವ ತೂತುಗಳು ಎಲ್ಲೆಲ್ಲಿವೆ ಎಂದು ಹುಡುಕಿ, ಎಷ್ಟು ತೆರೆದಿವೆ, ಎಷ್ಟರಲ್ಲಿ ಕೆಸರು ತುಂಬಿದೆ ಎಂದು ಎಣಿಸಿ. ಮುಚ್ಚಿದವನ್ನು ತಂತಿ ಹಾಕಿ ಬಿಡಿಸಲು ಅಪ್ಪನಿಗೋ ಕಾಕಾಗೋ ಹೇಳಿ. ಐದು ನಿಮಿಷದ ಕೆಲಸ, ಒಂದು ರೂಪಾಯಿಯೂ ಬೇಡ. ಬರುವ ಮಳೆಗಾಲಕ್ಕೆ ಮೊದಲೇ ಮುಗಿಸಿಬಿಡಿ.